ಮಗು ಮಲಗಿಸಲೊಲ್ಲದ ಮುದುಕಿ

“ಅಪ್ಪಾರ, ಕೂಸು ನೋಡಿಕೊಳ್ಳಾಕ ಅರ್ಧ ದಿನಕ್ಕ ಒಬ್ಬಾಕಿನ್ನ ಗೊತ್ತು ಮಾಡೀನ್ರಿ. ಆಕಿಗೆ ಏನೇನು ಕೆಲಸ ಹೇಳಬೇಕು, ಎಷ್ಟು ಕೂಲಿ ಕೊಟ್ಟರ ನ್ಯಾಯ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಮುರಿಗೆಪ್ಪ. ಪೇಟೆಯಲ್ಲಿ ಅವನದೊಂದು ಪಾತ್ರೆ ಅಂಗಡಿ. ಹೆಂಡತಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಎರಡು ವರ್ಷದ ಮಗನಿದ್ದಾನೆ. ಅವನು ಕೈಯಲ್ಲಿ ಒಂದು ಚೀಟಿ ಹಿಡಿದುಕೊಂಡೇ ಮಠಕ್ಕೆ ಬಂದಿದ್ದ. ಮಗುವಿಗೆ ನೀರು ಎರೆಯುವುದರಿಂದ ಹಿಡಿದು ಮಲಗಿಸುವವರೆಗೆ ಒಂದನ್ನೂ ಬಿಡದೆ ಅದರಲ್ಲಿ ಬರೆದಿದ್ದ. ಕೂಲಿಯನ್ನು ಓಣಿಯವರು ಕೊಡುವುದಕ್ಕಿಂತ ಒಂದು ಕೈ ಮೇಲೆಯೇ ಇಟ್ಟಿದ್ದ. ನ್ಯಾಯ ಕೇಳಲು ಬಂದವನ ಮುಖದಲ್ಲಿ ಶಹಬ್ಬಾಸ್ ಕೇಳುವ ಕಳೆ ಇತ್ತು. ಗುರುಗಳು ಚೀಟಿಯತ್ತ ನೋಡಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಹೆಂಡತಿ ತೀರಿಹೋಗಿದ್ದಳು. ಅವನಿಗೆ ಉಳಿದದ್ದು ಎರಡು ವರ್ಷದ ಒಬ್ಬಳೇ ಮಗಳು. ನೇಕಾರನ ಕೈ ಎಂದರೆ ಊರಿಗೆ ಊರೇ ತಲೆದೂಗುತ್ತಿತ್ತು. ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎರಡು ಸಾವಿರ ಎಳೆಗಳಲ್ಲಿ ಯಾವುದು ಸಡಿಲಾಗಿದೆ ಎಂಬುದನ್ನು ಕಣ್ಣು ಮುಚ್ಚಿ ಬೆರಳಾಡಿಸಿಯೇ ಹೇಳಿಬಿಡುತ್ತಿದ್ದ. ಇದು ಊರಿಗೆ ಗೊತ್ತಿದ್ದಷ್ಟೇ ಅವನಿಗೂ ಗೊತ್ತಿತ್ತು. ಗೊತ್ತಿದ್ದವನು ನಡೆಯುವ ಹಾಗೆಯೇ ಎದೆ ಎತ್ತಿ ನಡೆಯುತ್ತಿದ್ದ. ಒಂದು ಗೇಣು ಕಡಿಮೆ ನೇಯ್ದವನಲ್ಲ, ಒಂದು ಕಾಸು ಹೆಚ್ಚಿಗೆ ಪಡೆದವನಲ್ಲ. ಹೆಮ್ಮೆ ಪಡಲಿ ಬಿಡಿ, ದುಡಿದವನ ಹೆಮ್ಮೆಗೆ ಯಾರ ಅಪ್ಪಣೆ ಬೇಕು?

ಬೆಳಗಿನ ಹೊತ್ತು ಮಗುವಿನ ಚಿಂತೆ ಇರಲಿಲ್ಲ. ಓಣಿಯವರೆಲ್ಲ ಬೀದಿಯಲ್ಲಿ ನೂಲು ಚಾಚಿ ಹಾಸು ಮಾಡುವ ಹೊತ್ತದು. ಮಗು ಒಬ್ಬ ಹೆಂಗಸಿನ ಸೊಂಟದಿಂದ ಇನ್ನೊಬ್ಬಳ ಸೊಂಟಕ್ಕೆ ದಾಟುತ್ತ ಇರುತ್ತಿತ್ತು. ಮಧ್ಯಾಹ್ನವಾದರೆ ನೇಕಾರ ಸಾಹುಕಾರನ ಮಗ್ಗದ ಮನೆಗೆ ಹೋಗಬೇಕು, ಬರುವುದು ದೀಪ ಹಚ್ಚಿ ಎಷ್ಟೋ ಹೊತ್ತಿನ ಮೇಲೆ. ಆ ಅರ್ಧ ದಿನಕ್ಕೆ ಒಬ್ಬರು ಬೇಕಿತ್ತು.

ಅದೇ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಮೂವತ್ತು ಮನೆಗಳ ಮಕ್ಕಳನ್ನು ಆಡಿಸಿ ದೊಡ್ಡವರನ್ನಾಗಿ ಮಾಡಿದವಳು. ತನ್ನ ಕೈಯಲ್ಲಿ ಬೆಳೆದವರು ಮೀಸೆ ಹೊತ್ತು ಎದುರಿಗೆ ಬಂದರೂ ಕಿವಿ ಹಿಂಡದೆ ಬಿಡುತ್ತಿರಲಿಲ್ಲ. ನೇಕಾರ ಅವಳನ್ನು ಕರೆಸಿ ಕೆಲಸ ಹೇಳಿದ. ಮಧ್ಯಾಹ್ನ ಉಣಿಸಬೇಕು. ಮಗುವಿನ ಬಟ್ಟೆ ಒಗೆಯಬೇಕು. ಬಣ್ಣದ ಮಡಕೆಗಳ ಹತ್ತಿರ ಹೋಗಗೊಡಬಾರದು. ಕೊನೆಗೆ, ತಾನು ಬರುವುದರೊಳಗೆ ಮಗುವಿಗೆ ರಾತ್ರಿಯ ಊಟ ಮಾಡಿಸಿ ಮಲಗಿಸಿರಬೇಕು. ಇಷ್ಟಕ್ಕೆ ತಿಂಗಳಿಗೆ ಎಂಟು ಸೇರು ಜೋಳ, ವರ್ಷಕ್ಕೊಂದು ಸೀರೆ. ಮುದುಕಿ ಒಂದೊಂದಕ್ಕೂ ಹೂಂಗುಟ್ಟಿದಳು. ಕೊನೆಯ ಮಾತಿಗೆ ತಲೆ ಅಲ್ಲಾಡಿಸಿದಳು.

“ರಾತ್ರಿ ಉಣಿಸಿ ಮಲಗಸೂದು ಒಂದು ನನ್ನ ಕೆಲಸ ಅಲ್ಲಪಾ.”

“ಹಂಗಾದರ ಎರಡು ಸೇರು ಕಡಿಮಿ” ಎಂದ ನೇಕಾರ.

“ಆಗಲಿ” ಎಂದಳು ಮುದುಕಿ.

ಮಾಡದ ಕೆಲಸಕ್ಕೆ ಕೂಲಿ ಯಾರು ಕೊಡುತ್ತಾರೆ? ನೇಕಾರನ ಲೆಕ್ಕ ನ್ಯಾಯವಾಗಿಯೇ ಇತ್ತು. ಯಾಕೆ ಒಲ್ಲೆ ಎನ್ನುತ್ತೀ ಎಂದು ಅವನು ಕೇಳಲಿಲ್ಲ, ಮುದುಕಿಯೂ ಹೇಳಲಿಲ್ಲ. ಕಸುಬು ಬಲ್ಲವರು ಚೌಕಾಸಿಯ ನಡುವೆ ಕಸುಬಿನ ಗುಟ್ಟು ಬಿಚ್ಚುವುದಿಲ್ಲ. ಬೀಗುವುದರಲ್ಲಿ ಅವಳೇನು ಅವನಿಗೆ ಕಡಿಮೆಯವಳಲ್ಲ.

ಅಂದಿನಿಂದ ದಿನವೂ ಒಂದೇ ಆಟ. ನೇಕಾರ ಬೆನ್ನು ಸೆಟೆದುಕೊಂಡು ಮನೆಗೆ ಬರುತ್ತಿದ್ದ. ಮುದುಕಿ ಮಗುವನ್ನು ಅವನ ತೋಳಿಗೆ ಹಾಕಿ, ಹಿಂತಿರುಗಿ ನೋಡದೆ ಹೊರಟುಬಿಡುತ್ತಿದ್ದಳು. ಮಗುವಿನ ಕಣ್ಣು ಕೆಂಪು, ಬಾಯಿ ತುಂಬ ಆಕಳಿಕೆ, ಆದರೂ ಅಪ್ಪನನ್ನು ಕಂಡ ಕೂಡಲೇ ಕುಣಿತ. ಅವನು ಹಾಲಿನಲ್ಲಿ ರೊಟ್ಟಿ ಮುರಿದು ಉಣಿಸಿದರೆ ಅರ್ಧ ಹೊಟ್ಟೆಗೆ, ಅರ್ಧ ಅವನ ಅಂಗಿಗೆ. ಆಮೇಲೆ ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಸುತ್ತಬೇಕು, ಬಾರದ ಲಾಲಿ ಹಾಡಬೇಕು. ಅವನ ರಾಗ ಕೇಳಿ ಓಣಿಯ ನಾಯಿಗಳು ಎದ್ದು ಹೋಗುತ್ತಿದ್ದವು. ಮಗು ಅವನ ಕಿವಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿತ್ತು. “ಮುದುಕಿಗೆ ಮೈಗಳ್ಳತನ, ಎರಡು ಸೇರು ಕಡಿದದ್ದೇ ಸರಿ” ಎಂದು ನೇಕಾರ ದಿನವೂ ಗೊಣಗುತ್ತಿದ್ದ.

ಆರು ತಿಂಗಳು ಹೀಗೆ ಕಳೆದವು. ಆಗ ಬೇರೊಬ್ಬ ಹೆಂಗಸು ಸಿಕ್ಕಳು. ಹರೆಯದವಳು, ಚುರುಕಿನವಳು. ಎಂಟು ಸೇರಿಗೆ ಎಲ್ಲ ಕೆಲಸಕ್ಕೂ ಒಪ್ಪಿದಳು. ನೇಕಾರ ಮುದುಕಿಯನ್ನು ಬಿಡಿಸಿದ. ಇನ್ನು ಅವನ ಸುಖ ಕೇಳಬೇಡಿ. ಮನೆಗೆ ಬಂದರೆ ಮಗು ಮಲಗಿದೆ, ಗಡಿಗೆಯಲ್ಲಿ ಬಿಸಿನೀರಿದೆ, ಮನೆಯಲ್ಲಿ ಸದ್ದಿಲ್ಲ. ಬೆನ್ನಿನ ದಣಿವು ಆರಿತು, ಕೈ ಇನ್ನಷ್ಟು ನಯವಾಯಿತು. ಆ ವರ್ಷ ಅವನು ನೇಯ್ದ ಮದುವೆಯ ಸೀರೆಯ ಸೆರಗನ್ನು ನೋಡಲು ಪಕ್ಕದ ಊರಿನಿಂದ ಜನ ಬಂದರು. “ಎರಡು ಸೇರಿಗೆ ನೆಮ್ಮದಿ ಕೊಂಡುಕೊಂಡೆ” ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಂಡ.

ಹೀಗಿರುವಾಗ ಒಂದು ಬೆಳಿಗ್ಗೆ ಮಗುವಿನ ಮೈ ಹಂಚಿನಂತೆ ಸುಡುತ್ತಿತ್ತು. ಕಣ್ಣು ತೆರೆಯಲೊಲ್ಲದು. ನೇಕಾರ ಎತ್ತಿಕೊಂಡು ವೈದ್ಯನ ಮನೆಗೆ ಓಡಿದ. ವೈದ್ಯ ನಾಡಿ ನೋಡಿದ, ಹೊಟ್ಟೆ ಒತ್ತಿ ನೋಡಿದ. ನಿನ್ನೆ ರಾತ್ರಿ ಎಷ್ಟು ಉಂಡಳು ಎಂದು ಕೇಳಿದ. ನೇಕಾರನಿಗೆ ಗೊತ್ತಿರಲಿಲ್ಲ. ಊಟ ಬೇಡವೆನ್ನಲು ಶುರು ಮಾಡಿ ಎಷ್ಟು ದಿನವಾಯಿತು, ನುಂಗುವಾಗ ಅಳುತ್ತಾಳೋ, ಮಲಗುವಾಗ ಕಾಲು ಮಡಿಚಿಕೊಳ್ಳುತ್ತಾಳೋ ಎಂದು ಕೇಳಿದ. ಅದೂ ಗೊತ್ತಿರಲಿಲ್ಲ. ಎರಡು ಸಾವಿರ ಎಳೆಗಳನ್ನು ಬೆರಳ ತುದಿಯಲ್ಲಿ ಬಲ್ಲವನು ಒಂದು ಮಗುವಿನ ಮೈಮೇಲೆ ಬೆರಳಾಡಿಸಿದ, ಏನೂ ತಿಳಿಯಲಿಲ್ಲ.

“ಗೊತ್ತಿದ್ದವರನ್ನ ಕರಕೊಂಡು ಬಾ” ಎಂದ ವೈದ್ಯ.

ಅವನು ಓಣಿ ದಾಟಿ ಓಡಿ ಕೆಲಸದ ಹೆಂಗಸನ್ನು ಕರೆತಂದ. ಅವಳು ಬಂದವಳೇ ಪಟಪಟನೆ ಹೇಳಿದಳು. ನಾಲ್ಕು ದಿನದಿಂದ ಅರ್ಧ ಊಟ ಬಿಡುತ್ತಿದ್ದಾಳೆ. ಎಡಗಡೆ ಮಲಗಿಸಿದರೆ ಅಳುತ್ತಾಳೆ. ನುಂಗುವಾಗ ಗಂಟಲು ಹಿಡಿದುಕೊಳ್ಳುತ್ತಾಳೆ. “ಹೇಳಬೇಕಂತ ಎರಡು ಸಲ ಬಾಯಿ ತಗದೆ, ನಾಳಿ ಹೇಳು ಅಂದ್ರಿ” ಎಂದಳು. ಅವಳದೇನೂ ತಪ್ಪಿರಲಿಲ್ಲ. ಗೊತ್ತು ಮಾಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಳು. ವೈದ್ಯ ಅವಳ ಮಾತಿನ ಮೇಲೆಯೇ ಮದ್ದು ಅರೆದು ಕೊಟ್ಟ. ಕಷಾಯ ಕುಡಿಸುವಾಗಲೂ ಅವಳ ಕೈಯೇ ಬೇಕಾಯಿತು, ಮಗು ಯಾವ ಕಡೆಯಿಂದ ಬಾಯಿ ತೆರೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ನೇಕಾರ ಕಂಬಕ್ಕೆ ಒರಗಿ ನೋಡಿದ. ಅವನಿಗೆ ಸಿಟ್ಟು ಬರಲಿಲ್ಲ, ಹೊಟ್ಟೆಕಿಚ್ಚಾಯಿತು. ಸಾಹುಕಾರನ ಹಣ ಕಂಡು ಆಗದ ಹೊಟ್ಟೆಕಿಚ್ಚು ಎಂಟು ಸೇರಿನ ಹೆಂಗಸಿನ ಮೇಲೆ ಆಯಿತು.

ನಾಲ್ಕು ದಿನಕ್ಕೆ ಮಗು ಎದ್ದು ಕೂತಿತು. ಐದನೆಯ ದಿನ ನೇಕಾರ ಆ ಹೆಂಗಸಿಗೆ ತಿಂಗಳು ತುಂಬ ಕೂಲಿ ಕೊಟ್ಟು, ಅದರ ಮೇಲೊಂದು ಸೀರೆ ಇಟ್ಟು, ಇನ್ನೊಂದು ಮನೆಯಲ್ಲಿ ಕೆಲಸ ಹಚ್ಚಿಕೊಟ್ಟ. ಆಮೇಲೆ ಮುದುಕಿಯ ಬಾಗಿಲಿಗೆ ಹೋಗಿ ನಿಂತ. ಸೆಟೆದ ಕುತ್ತಿಗೆ ಬಾಗಿತ್ತು.

“ಯವ್ವಾ, ತಿರುಗಿ ಬಾ. ಉಣಿಸಿ ಮಲಗಸೂದು ನಾ ಮಾಡತೀನಿ, ನೀ ಮಾಡಬ್ಯಾಡ. ಆದರೂ ಎಂಟು ಸೇರು ತಗೋ” ಎಂದ.

ಮುದುಕಿ ಕೂತಲ್ಲಿಂದ ಏಳಲಿಲ್ಲ.

“ಆದರೂ ಅಂತ ಯಾಕ ಅಂತೀ? ನನ್ನ ಎರಡು ಸೇರನ್ನ ದಾನ ಕೊಟ್ಟಂಗ ಕೊಡಬ್ಯಾಡ. ಹೊತ್ತು ಮುಳಗೂದಕ್ಕ ಕಣ್ಣು ಎಳಿಯೋ ಕೂಸನ್ನ ಮಲಗಸೂದು ಯಾವ ದೊಡ್ಡ ಕೆಲಸ? ತೊಡಿ ಮ್ಯಾಲ ಹಾಕ್ಕೊಂಡು ನಾಲ್ಕು ಸಲ ತಟ್ಟಿದರ ಮುಗೀತು. ನೀ ಬರೂತನಕ ಅದನ್ನ ಎಚ್ಚರ ಇಡೂದು ಕೆಲಸ. ಈ ವಯಸ್ಸಿನ್ಯಾಗ ಕುದರಿ ಆದೆ, ಕ್ವಾಣ ಆದೆ, ಮೊಣಕಾಲು ತಿಕ್ಕೊಂತ ಅಂಗಳ ತುಂಬ ಹರದಾಡಿದೆ. ಮೂವತ್ತು ಮನಿ ಕೂಸು ಬೆಳಸೀನಿ, ಒಂದು ಕೂಸಿಗೂ ಅವರಪ್ಪನ್ನ ತಪ್ಪಿಸಿಲ್ಲ. ಎಲ್ಲಾಕಿಂತ ಕಷ್ಟದ ಕೆಲಸಕ್ಕ ನೀ ಕೂಲಿ ಕಡದಿ. ಎಷ್ಟು ಅಂತ ಕೇಳಿದಿ, ಯಾಕ ಅಂತ ಒಂದು ದಿನರೆ ಕೇಳಿದೇನು?”

ನೇಕಾರ ಅಲ್ಲಿಯೇ ನೆಲಕ್ಕೆ ಕೂತ. ಕಡಿದ ಆರು ತಿಂಗಳ ಜೋಳವನ್ನೂ ತಂದು ಕೊಡುತ್ತೇನೆ ಎಂದ. ತಾ, ಅದು ನನ್ನದೇ ಎಂದಳು ಮುದುಕಿ. ಮೇಲೆ ಎರಡು ಸೇರು ಸೇರಿಸಿ ಹತ್ತು ಮಾಡುತ್ತೇನೆ ಎಂದ. ಅದಕ್ಕೆ ಒಪ್ಪಲಿಲ್ಲ. ಎಂಟು ಎಂದರೆ ಎಂಟು ಎಂದಳು.

ಅಂದು ಸಂಜೆ ನೇಕಾರ ಮಗ್ಗದಿಂದ ಬಂದಾಗ ಮಗು ಕಣ್ಣು ಉಜ್ಜಿಕೊಳ್ಳುತ್ತ ಮುದುಕಿಯ ಬೆನ್ನ ಮೇಲೆ ಸವಾರಿ ಮಾಡುತ್ತಿತ್ತು. ಅವನು ಉಣಿಸಿದ, ಹೆಗಲಿಗೆ ಹಾಕಿಕೊಂಡ, ಹಾಡಿದ. ಮರುದಿನ ಮಗ್ಗದ ಮನೆಯಲ್ಲಿ ಸೆರಗಿನ ಮಾತೇ ಎತ್ತಲಿಲ್ಲ. ತನ್ನ ಮಗಳು ಏಳು ತುತ್ತು ಉಂಡಳೆಂದು ಊರಿಗೆಲ್ಲ ಸಾರಿದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಮುರಿಗೆಪ್ಪ ಕುಳಿತಲ್ಲೇ ಮಿಸುಕಾಡಿದ. ಅವನ ಶಹಬ್ಬಾಸಿನ ಆಸೆ ಹೋಗಿತ್ತು.

“ಅಲ್ರಿ ಅಪ್ಪಾರ, ಎಲ್ಲಾ ನಾವ ಮಾಡಾಕ ಆಗೂದಿಲ್ಲ, ಎಲ್ಲಾ ಆಕಿಗೆ ಬಿಡಾಕೂ ಬರೂದಿಲ್ಲ. ಯಾವ ಕೆಲಸ ನಂದು, ಯಾವುದು ಆಕೀದು ಅಂತ ಹ್ಯಾಂಗ ಗೊತ್ತು ಮಾಡಲಿ?”

ಗುರುಗಳು ನಕ್ಕರು.

“ಯಾವುದನ್ನು ಆಕೆ ಮಾಡುವುದು ಕಂಡರೆ ನಿನಗೆ ಹೊಟ್ಟೆಕಿಚ್ಚಾಗುತ್ತದೋ ಅದು ನಿನ್ನದು, ಮುರಿಗೆಪ್ಪ, ಉಳಿದದ್ದಕ್ಕೆಲ್ಲ ಕೈತುಂಬ ಕೂಲಿ ಕೊಡು.”

ಮುರಿಗೆಪ್ಪ ಚೀಟಿಯಲ್ಲಿ ಮಲಗಿಸುವ ಸಾಲನ್ನು ಹೊಡೆದುಹಾಕಿದ, ಕೂಲಿಯ ಸಾಲನ್ನು ಮುಟ್ಟಲಿಲ್ಲ.