ಆರು ಸಿಲಿಂಡರಿನ ಮೋಟಾರು, ಏಳು ಬೆರಳಿನ ಬೆಲೆ

ಏಳು ಸಾವಿರ ರೂಪಾಯಿ. ಒಂದು ಆಣೆ ಕಡಿಮೆಯಾದರೂ ಗಿರಣಿ ಇಲ್ಲ. ಬ್ಯಾಡಗಿಯ ಸ್ಟೇಷನ್ ರಸ್ತೆಯ ಹಿಟ್ಟಿನ ಗಿರಣಿಯನ್ನು ಮಾರಿ ಶೇಷರಾಯರು ಪುಣೆಗೆ, ಮಗಳ ಮನೆಗೆ, ಹೊರಟಿದ್ದರು. ಅಮಾವಾಸ್ಯೆಯೊಳಗೆ ದುಡ್ಡು ತಂದವರಿಗೆ ಗಿರಣಿ, ತರದವರಿಗೆ ನಮಸ್ಕಾರ ಎಂದು ಸಾರಿಬಿಟ್ಟಿದ್ದರು.

ಮುರಿಗೆವ್ವನಿಗೆ ಆ ಗಿರಣಿ ಬೇಕಾಗಿತ್ತು, ರಾಯರಿಗೆ ಹೇಳಿಯೂ ಕಳಿಸಿದ್ದಳು. ಗಂಡ ಸತ್ತ ಮೇಲೆ ಕೂತು ಉಣ್ಣುವಂತಿರಲಿಲ್ಲ, ಗಿರಣಿಯಾದರೆ ದಿನಾ ತಿರುಗುತ್ತದೆ, ದಿನಾ ಕಾಸು ಬರುತ್ತದೆ. ಆದರೆ ಅವಳ ಹತ್ತಿರ ಇದ್ದದ್ದು ಎರಡೇ. ಒಂದು, ದನದ ದಲಾಲಿ ಮಾಡುತ್ತಿದ್ದ ಗಂಡ ಕೊಂಡಿಟ್ಟು ಹೋದ ಅಮೆರಿಕದ ಮೋಟಾರು, ನಲವತ್ತೆಂಟರ ಮಾಡಲು. ಇನ್ನೊಂದು, ಮಗ ನಿಜಗುಣಿ. ಎರಡರಲ್ಲಿ ಮೋಟಾರನ್ನು ಮಾರಬಹುದಿತ್ತು.

ತಾನೇ ಹೋಗಿ ಮಾರೋಣವೆಂದರೆ ಹಿತ್ತಲ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ನಾಟಿ ವೈದ್ಯ ಬಿದಿರಿನ ಪಟ್ಟಿ ಕಟ್ಟಿ, ನಲವತ್ತು ದಿನ ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದ. ನಿಜಗುಣಿಯನ್ನೇ ಕಳಿಸಬೇಕು. ಹುಡುಗ ಎನ್ನುವ ಹಾಗಿಲ್ಲ, ಮೂವತ್ತು ತುಂಬಿತ್ತು. ಗಾಡಿ ಹೊಡೆಯಲು ಬರುತ್ತಿತ್ತು, ನಟ್ಟು ಬಿಚ್ಚಲು ಬರುತ್ತಿತ್ತು, ಬಿಚ್ಚಿದ್ದನ್ನು ಜೋಡಿಸಲೂ ಬರುತ್ತಿತ್ತು. ಹೇಳಿದ ಮಾತು ಮೀರುವುದೊಂದೇ ಬರುತ್ತಿರಲಿಲ್ಲ.

ಅವ್ವ ಅವನನ್ನು ಹಾಸಿಗೆಯ ಪಕ್ಕ ಕೂಡಿಸಿಕೊಂಡು ಗಾಡಿಯ ಗುಣಗಳನ್ನು ಬಾಯಿಪಾಠ ಮಾಡಿಸಿದಳು. ಸಾಲಾಗಿ ಆರು ಸಿಲಿಂಡರು. ತೊಂಬತ್ತು ಕುದುರೆಯ ಶಕ್ತಿ. ಗೇರಿನ ಕಡ್ಡಿ ಸ್ಟೇರಿಂಗಿನ ಕುತ್ತಿಗೆಗೆ. ಮುಂದೆ ಮೂರು ಮಂದಿ, ಹಿಂದೆ ಮೂರು ಮಂದಿ, ಸೀಟು ಅಂದರೆ ಮಂಚ. ರೇಡಿಯೊ ಇದೆ, ಗಡಿಯಾರ ಇದೆ, ಸಿಗರೇಟು ಹಚ್ಚುವ ಕಡ್ಡಿ ಇದೆ, ಚಳಿಗೆ ಬಿಸಿಗಾಳಿ ಬಿಡುವ ಹೀಟರ್ ಇದೆ. ಗ್ಯಾಲನ್ನಿಗೆ ಹದಿನೈದು ಮೈಲು. ಮೂತಿಗೆ ಬೆಳ್ಳಿಯಂತೆ ಹೊಳೆಯುವ ಹದಿಮೂರು ಹಲ್ಲು.

“ಗಾಡಿಯೊಳಗ ಏನೇನ ಐತಿ, ಒಂದೂ ಬಿಡದಾಂಗ ಗಿರಾಕಿಗೆ ತೋರಿಸು,” ಎಂದಳು.

“ಒಂದೂ ಬಿಡೂದಿಲ್ಲವ್ವಾ,” ಎಂದ ನಿಜಗುಣಿ. ಹೊರಟ.

ಮೊದಲ ಗಿರಾಕಿ ಮೆಣಸಿನಕಾಯಿ ವ್ಯಾಪಾರಿ ಮಲ್ಲಶೆಟ್ಟರು. ಅವರು ಗಾಡಿಯನ್ನು ಒಂದು ಸುತ್ತು ನೋಡಿ, ಚಹಾ ಕುಡಿದು ಬರುತ್ತೇನೆ ಎಂದು ಒಳಗೆ ಹೋದರು. ಚಹಾದ ಜೊತೆ ಊರಿನ ಸುದ್ದಿ, ಸುದ್ದಿಯ ಜೊತೆ ಎಲೆ ಅಡಿಕೆ. ಶೆಟ್ಟರು ಹೊರಗೆ ಬಂದಾಗ ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ಮೋಟಾರನ್ನೂ ಒಣಹಾಕಿದಂತೆ ಕಂಡಿತು. ಒಂದು ಸಾಲಿನಲ್ಲಿ ನಾಲ್ಕು ಗಾಲಿ, ಒಂದು ಸಾಲಿನಲ್ಲಿ ಆರು ಪ್ಲಗ್ಗು. ಆಕಡೆ ಮಂಚದಂಥ ಸೀಟು, ಈಕಡೆ ರೇಡಿಯೊ, ನಡುವೆ ಟಿಕ್ ಟಿಕ್ ಅನ್ನದೆ ನಿಂತ ಗಡಿಯಾರ. ನಿಜಗುಣಿ ಮೂತಿಯ ಹಲ್ಲು ಕೀಳುತ್ತಿದ್ದ. ಹನ್ನೊಂದಾಗಿತ್ತು, ಇನ್ನೆರಡು ಬಾಕಿ.

ನಾನು ಮೋಟಾರು ಕೊಳ್ಳಲು ಬಂದವನೋ ಗುಜರಿ ಕೊಳ್ಳಲು ಬಂದವನೋ ಎಂದು ಶೆಟ್ಟರು ಕೇಳಿದರು. ಅದು ನಿಮಗೇ ಗೊತ್ತಿರಬೇಕು ಎಂದ ನಿಜಗುಣಿ, ಮರ್ಯಾದೆಯಿಂದಲೇ. ವ್ಯಾಪಾರ ಅಲ್ಲಿಗೆ ಮುಗಿಯಿತು. ಎಲ್ಲ ಮತ್ತೆ ಜೋಡಿಸಿ, ಮೈತುಂಬ ಖಾರದ ಪುಡಿ ಮೆತ್ತಿಕೊಂಡು, ಸೀನುತ್ತ ಮನೆಗೆ ಬಂದ. ಗಾಡಿ ಸರಿಯಾಗಿಯೇ ಓಡಿತು. ಒಂದು ಸ್ಪ್ರಿಂಗ್ ಮಾತ್ರ ಅಂಗೈಯಲ್ಲಿ ಉಳಿದಿತ್ತು.

ಮುರಿಗೆವ್ವ ಹಣೆ ಹಣೆ ಬಡಿದುಕೊಂಡಳು. “ಅಯ್ಯ ನನ ಕರ್ಮವೇ, ತೋರಿಸು ಅಂದ್ರ ಬಿಚ್ಚೂದೇನೋ? ಇನ್ನ ಮ್ಯಾಲೆ ಗಾಡಿಯೊಳಗ ಏನ ಇದ್ರೂ ಇದ್ದಲ್ಲೇ ಇರ್ಲಿ. ಹೊರಗ ತೆಗೀಬ್ಯಾಡ. ಆರು ಮಂದಿ ಕೂಡೂ ಗಾಡಿ ಅದು, ಕೂಡಿಸಿ ತೋರಿಸು, ಸಾಕು.”

“ಹೊರಗ ತೆಗಿಯೂದಿಲ್ಲವ್ವಾ,” ಎಂದ ನಿಜಗುಣಿ. ಸ್ಪ್ರಿಂಗನ್ನು ಗೂಡಿನಲ್ಲಿಟ್ಟು ಮಲಗಿದ.

ಎರಡನೆಯ ಗಿರಾಕಿ ಹಾವೇರಿಯ ಡಾಕ್ಟರು. ಒಬ್ಬಂಟಿ ಮನುಷ್ಯ, ಹಳ್ಳಿ ಹಳ್ಳಿಗೆ ಹೋಗಲು ಗಾಡಿ ಬೇಕಿತ್ತು. ಬಂದು ಮುಂದಿನ ಸೀಟಿನಲ್ಲಿ ಕೂತರು, ಒಂದು ಸುತ್ತು ಹೊಡಿ ಎಂದರು. ನಿಜಗುಣಿ ಎಣಿಸಿದ. ತಾನೊಬ್ಬ, ಡಾಕ್ಟರೊಬ್ಬರು. ಇನ್ನು ನಾಲ್ಕು ಕಡಿಮೆ. ದವಾಖಾನೆಯ ಪಡಸಾಲೆಯಲ್ಲಿ ರೋಗಿಗಳಿಗೇನು ಬರ. ಹಲ್ಲುನೋವಿನವನೊಬ್ಬ, ಚಳಿಜ್ವರದವನೊಬ್ಬ, ಎಂಟು ದಿನದಿಂದ ನಿದ್ದೆ ಬಾರದ ಮುದುಕನೊಬ್ಬ, ಅವನ ಹೆಂಡತಿಯೊಬ್ಬಳು. ಕೈಹಿಡಿದು ತಂದು ಕೂಡಿಸಿದ. ಆರಾಯಿತು. ಗಾಡಿ ಹೊರಟಿತು.

ಚಳಿಜ್ವರದವನಿಗೆ ಹೀಟರ್ ಹಚ್ಚಿಕೊಟ್ಟ, ಅವನು ಹುಟ್ಟಿದ ಮೇಲೆ ಇಂಥ ಸುಖ ಕಂಡಿಲ್ಲ ಎಂದ. ಉಳಿದವರು ಬೆವರಿನಲ್ಲಿ ತೊಯ್ದರು. ಮುದುಕ ಮಂಚದಂಥ ಸೀಟಿನಲ್ಲಿ ಗೊರಕೆ ಹೊಡೆದ. ಡಾಕ್ಟರು ಸಾಕು ನಿಲ್ಲಿಸು, ಇವರನ್ನು ಇಳಿಸು ಎಂದರು. ಒಳಗಿದ್ದದ್ದನ್ನು ಹೊರಗೆ ತೆಗೆಯಬಾರದು ಎಂದು ಅವ್ವನ ಅಪ್ಪಣೆಯಿದೆ ಎಂದ ನಿಜಗುಣಿ. ಡಾಕ್ಟರು ಕೈಮುಗಿದರು, ಬೈದರು, ತಾವು ಇಂಗ್ಲೆಂಡಿಗೆ ಹೋಗಿ ಕಲಿತು ಬಂದವರು ಎಂದರು. ಗಾಡಿ ಓಡುತ್ತಲೇ ಇತ್ತು. ಟಾಕಿಯಲ್ಲಿ ಒಂದೇ ಗ್ಯಾಲನ್ ಪೆಟ್ರೋಲಿತ್ತು. ಸರಿಯಾಗಿ ಹದಿನೈದನೇ ಮೈಲಿಗಲ್ಲಿನ ಎದುರು ಗಾಡಿ ನಿಂತಿತು.

“ನೋಡ್ರಿ ಸಾಹೇಬ್ರ, ಗ್ಯಾಲನ್ನಿಗೆ ಹದಿನೈದು ಅಂತ ನಮ್ಮವ್ವ ಹೇಳಿದ್ದು ಸುಳ್ಳಲ್ಲ,” ಎಂದ ನಿಜಗುಣಿ.

ಡಾಕ್ಟರು ಹದಿನೈದು ಮೈಲು ಎತ್ತಿನ ಗಾಡಿಯಲ್ಲಿ ವಾಪಸು ಹೋದರು. ಮುದುಕ ಮಾತ್ರ ಎದ್ದ ಮೇಲೆ, ಔಷಧ ಬೇಡ, ಈ ಗಾಡಿ ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದ.

ಮುರಿಗೆವ್ವ ಈ ಸಲ ಗೋಡೆಗೆ ಹಣೆ ಬಡಿದಳು. ಅಮಾವಾಸ್ಯೆಗೆ ಐದು ದಿನವಿತ್ತು. ಗಿರಾಕಿ ಎಂದರೆ ಧಣಿ, ಅವನು ಇಳಿಸು ಅಂದರೆ ಇಳಿಸಬೇಕು, ನಿಲ್ಲಿಸು ಅಂದರೆ ನಿಲ್ಲಿಸಬೇಕು ಎಂದು ತಿಳಿಹೇಳಿದಳು. “ಗಿರಾಕಿ ಏನ ಅಂತಾನ ಅದನ್ನ ಮಾಡು. ಮರುಮಾತು ಆಡಬ್ಯಾಡ.”

“ಆಡೂದಿಲ್ಲವ್ವಾ.”

ಮೂರನೆಯ ಗಿರಾಕಿ ರಸ್ತೆ ಕಂತ್ರಾಟಿನ ಫಕೀರಪ್ಪ. ದುಡ್ಡಿನ ಮನುಷ್ಯ, ಗಾಡಿ ಕಂಡೊಡನೆ ಮನಸ್ಸಿನಲ್ಲೇ ಆರೂವರೆ ಸಾವಿರ ಎಂದು ಗೊತ್ತುಮಾಡಿಕೊಂಡಿದ್ದ. ಹಾಗೆಂದು ವ್ಯಾಪಾರದಲ್ಲಿ ಯಾರಾದರೂ ಬಾಯಿಬಿಟ್ಟು ಚೆನ್ನಾಗಿದೆ ಎನ್ನುತ್ತಾರೆಯೇ? ಕೊಳ್ಳುವ ಮಾಲನ್ನು ಮೊದಲು ಹಳಿಯಬೇಕು. ಇಷ್ಟು ದಪ್ಪ ಗಾಡಿ ನಮ್ಮೂರಿನ ಓಣಿಗೆ ಹಿಡಿಯುವುದಿಲ್ಲ ಎಂದ. ಹಲ್ಲು ಕಿರಿದ ಹಾಗಿದೆ ಎಂದ. ಹೀಟರ್ ಇದೆಯೆಂದು ಕೇಳಿ, ಬ್ಯಾಡಗಿಯ ಬಿಸಿಲಿಗೆ ಇನ್ನೊಂದು ಒಲೆ ಬೇಕಿತ್ತೇ ಎಂದ. ಕೊನೆಗೆ ಬೆಲೆ ಇಳಿಸಲೆಂದು ಒಂದು ಮಾತು ಒಗೆದ.

“ಇಂಥಾ ಗಾಡಿ ಇಟ್ಕೊಂಡ ಏನ್ ಮಾಡ್ತಿ? ಒಯ್ದು ಕೆರಿಗೆ ಹಾಕು.”

ನಿಜಗುಣಿ ಮರುಮಾತಾಡಲಿಲ್ಲ. ಗಾಡಿ ಹತ್ತಿದ, ಗೇರು ಹಾಕಿದ, ಊರ ಮುಂದಿನ ಕೆರೆಗೆ ನೇರ ಇಳಿಸಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ದಾರಿ ಬಿಟ್ಟರು. ನೀರು ಹದಿಮೂರು ಹಲ್ಲಿಗೂ ಬಂದು, ತೊಂಬತ್ತು ಕುದುರೆಗಳೂ ಒಟ್ಟಿಗೆ ಕೆಮ್ಮಿ ಸುಮ್ಮನಾದವು. ದಡದ ಮೇಲೆ ಓಡೋಡಿ ಬಂದ ಫಕೀರಪ್ಪ ಬಾಯಿ ತೆರೆದು ನಿಂತ. ಹಾಕಿದೆನ್ರಿ, ಇನ್ನೇನು ಮಾಡಲಿ ಎಂದು ನಿಜಗುಣಿ ಕಿಟಕಿಯಿಂದ ಕೇಳಿದ. ಇವನು ಹುಚ್ಚನೋ, ನನ್ನನ್ನು ಹುಚ್ಚನೆಂದುಕೊಂಡಿದ್ದಾನೋ ತಿಳಿಯದೆ ಫಕೀರಪ್ಪ ಮನೆಗೆ ನಡೆದ.

ನಾಲ್ಕು ಜೋಡಿ ಎತ್ತು ಹೂಡಿ ಗಾಡಿ ಎಳೆದರು. ಎರಡು ದಿನ ಬಿಸಿಲಿಗೆ ಒಣಗಿತು, ಮೂರನೆಯ ದಿನ ಗುಂಡಿ ಒತ್ತಿದರೆ ಗುರ್ ಎಂದಿತು. ಮಾಲು ಗಟ್ಟಿಯಿತ್ತು, ಅದನ್ನು ಒಪ್ಪಬೇಕು.

ಆದರೆ ಅಮಾವಾಸ್ಯೆ ನಾಳೆ. ಊರಲ್ಲಿ ಇನ್ನು ಗಿರಾಕಿ ಉಳಿದಿರಲಿಲ್ಲ. ಆ ಹೊತ್ತಿಗೆ ಗಿರಣಿ ಶೇಷರಾಯರೇ ಹೇಳಿಕಳಿಸಿದರು: ಪುಣೆಗೆ ಮೋಟಾರಿನಲ್ಲೇ ಹೋದರಾಯಿತು, ಗಾಡಿ ಕಳಿಸಿ ನೋಡೋಣ ಎಂದು. ರಾಯರು ಎಂಥವರು ಅನ್ನುವುದು ಮುರಿಗೆವ್ವನಿಗೆ ಗೊತ್ತಿತ್ತು. ಗಿರಣಿಗೆ ಏಳು ಕೇಳುವವರು ಮೋಟಾರಿಗೆ ಐದರ ಮೇಲೆ ಏರುವವರಲ್ಲ.

“ಗಿರಾಕಿ ಬಾಯಿಂದ ಬಂದದ್ದು ಯಾವುದೂ ಖರೆ ಅಲ್ಲ,” ಎಂದಳು ಮಗನಿಗೆ. “ಬಾಯಿ ಕೇಳಬ್ಯಾಡ, ಬೆರಳು ಕೇಳು.” ಗಂಡನ ಟವೆಲು ಕೊಟ್ಟು, ದನದ ಸಂತೆಯ ರೀತಿ ಕಲಿಸಿದಳು. ಟವೆಲಿನ ಕೆಳಗೆ ಇಬ್ಬರ ಬಲಗೈ. ಕೊಳ್ಳುವವನು ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ಐದು ಹಿಡಿದು ಮತ್ತೆರಡು ಹಿಡಿದರೆ ಏಳು. “ಏಳು ಆಗೂತನಕ ಕೈ ಬಿಡಬ್ಯಾಡ. ನೀನೂ ಬಾಯಿ ಬಿಡಬ್ಯಾಡ.”

ನಿಜಗುಣಿ ಅಲ್ಲಿಂದಲೇ ಬಾಯಿ ಮುಚ್ಚಿಕೊಂಡು ಹೊರಟ.

ರಾಯರ ಅಂಗಳದಲ್ಲಿ ಟವೆಲು ಹಾಸಿದರು. ರಾಯರು ನಾಲ್ಕು ಬೆರಳು ಹಿಡಿದರು. ನಿಜಗುಣಿ ಸುಮ್ಮನೆ ಕೂತ. ಐದು ಹಿಡಿದರು. ಸುಮ್ಮನೆ ಕೂತ. ನಾಳೆ ಮಾತಾಡೋಣ ಎಂದು ರಾಯರು ಕೈ ಎಳೆದುಕೊಂಡರು. ಕೈ ಬರಲಿಲ್ಲ. ನಟ್ಟು ಬಿಚ್ಚಿದ ಕೈ ಅದು, ನಟ್ಟು ತಿರುಗಿಸುವ ಪಾನದ ಹಾಗೆ ಕಚ್ಚಿತ್ತು. ರಾಯರು ಎದ್ದರು, ನಿಜಗುಣಿಯೂ ಎದ್ದ. ರಾಯರು ಜಗಲಿ ಹತ್ತಿದರು, ಟವೆಲಿನ ಆಚೆ ತುದಿಯಲ್ಲಿ ಅವನೂ ಹತ್ತಿದ. ಕಾಗದಕ್ಕೆ ರುಜು ಕೇಳಲು ಬಂದ ಗುಮಾಸ್ತ ಅವರಿಬ್ಬರನ್ನೂ ನೋಡಿ ಹಿಂದಕ್ಕೆ ಹೋದ. ಆರು ಹಿಡಿದರು. ಕೈ ಸಡಿಲಾಗಲಿಲ್ಲ.

ಊಟದ ಹೊತ್ತಾಯಿತು. ಪುಣೆಗೆ ಹೊರಟ ಸಡಗರಕ್ಕೆ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಎಲೆ ಹಾಕಿದರು, ಹೋಳಿಗೆ ಬಡಿಸಿದರು, ಮೇಲೆ ತುಪ್ಪ ಬಿಟ್ಟರು. ರಾಯರ ಬಲಗೈ ಟವೆಲಿನ ಕೆಳಗಿತ್ತು. ಎಡಗೈಯಲ್ಲಿ ಉಣ್ಣುವ ಮನೆತನ ಅವರದಲ್ಲ. ಹೋಳಿಗೆ ಆರುತ್ತಿತ್ತು.

“ಆತಪ್ಪಾ, ಏಳು ಕೊಟ್ಟೆ, ಕೈ ಬಿಡು,” ಎಂದರು ರಾಯರು.

ನಿಜಗುಣಿ ತಲೆ ಅಲ್ಲಾಡಿಸಿದ. ಅದು ಬಾಯಿಯ ಮಾತು. ತುಪ್ಪ ಹೆಪ್ಪುಗಟ್ಟತೊಡಗಿತು. ಆಗ ರಾಯರು ಟವೆಲಿನ ಕೆಳಗೆ ಐದು ಬೆರಳು ಹಿಡಿದು, ನಿಟ್ಟುಸಿರು ಬಿಟ್ಟು, ಮತ್ತೆರಡು ಹಿಡಿದರು. ಕೈ ತಟ್ಟನೆ ಬಿಟ್ಟಿತು. ರಾಯರು ಉಂಡರು. ಒಂದು ಹೋಳಿಗೆ ಒಂದು ಸಾವಿರಕ್ಕೆ ಬಿದ್ದ ಲೆಕ್ಕ.

ಊಟವಾದ ಮೇಲೆ ಏಳು ಸಾವಿರವನ್ನು ಅವನ ಕಣ್ಣೆದುರಿಗೇ ಎಣಿಸಿ, ಚೀಲದಲ್ಲಿ ಕಟ್ಟಿ, ಜೋಪಾನವಾಗಿರಲೆಂದು ಗಾಡಿಯ ಮುಂದಿನ ಖಾನೆಯಲ್ಲಿಟ್ಟು, ಹೋಗುವಾಗ ತೆಗೆದುಕೊಂಡು ಹೋಗು ಎಂದು ಹೇಳಿ ರಾಯರು ಮಲಗಲು ಹೋದರು. ಹೇಳಿದ್ದು ಬಾಯಿಂದ. ನಿಜಗುಣಿ ಖಾನೆ ನೋಡಿದ, ಮುಚ್ಚಿದ, ಟವೆಲು ಹೆಗಲಿಗೆ ಹಾಕಿಕೊಂಡು ಬರಿಗೈಯಲ್ಲಿ ಮನೆಗೆ ನಡೆದ.

“ಮಾರಿದ್ಯಾ?”

“ಏಳಕ್ಕ ಮಾರಿದೆ.”

“ರೊಕ್ಕ ಎಲ್ಲೈತಿ?”

“ಗಾಡಿಯೊಳಗ ಐತಿ. ಗಾಡಿಯೊಳಗ ಇದ್ದದ್ದು ಇದ್ದಲ್ಲೇ ಇರ್ಲಿ, ಹೊರಗ ತೆಗೀಬ್ಯಾಡ ಅಂದಿದ್ದೆಲ್ಲವ್ವಾ.”

ಮುರಿಗೆವ್ವ ಈ ಸಲ ಹಣೆ ಬಡಿದುಕೊಳ್ಳಲಿಲ್ಲ. ಬೈಯಲೂ ಇಲ್ಲ. ಗಾಡಿಯೂ ಹೋಯಿತು, ಹಣವೂ ಹೋಯಿತು, ಗಿರಣಿಯೂ ಹೋಯಿತು, ಈಗ ತನ್ನ ಹತ್ತಿರ ಉಳಿದದ್ದು ಇವನೊಬ್ಬನೇ ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಬೆಳಿಗ್ಗೆ ರಾಯರ ಗುಮಾಸ್ತ ಬಂದ. ಕೈಯಲ್ಲಿ ಗಿರಣಿಯ ಕೀಲಿ, ರುಜು ಮಾಡಿದ ಕಾಗದ. ರಾಯರು ಬೆಳಗಿನ ಜಾವ ಪುಣೆಗೆ ಹೊರಟಾಗ ಖಾನೆ ತೆಗೆದು ನೋಡಿದರಂತೆ, ಏಳು ಸಾವಿರ ಇಟ್ಟ ಹಾಗೇ ಇತ್ತಂತೆ. ಗಿರಣಿಗೂ ಏಳು, ಗಾಡಿಗೂ ಏಳು, ಹಣ ಹೋಗಿ ಬರುವ ತಿರುಗಾಟ ಏಕೆಂದು ಮುರಿಗೆವ್ವನ ಮಗ ಗಿರಣಿಯ ಬೆಲೆಯನ್ನು ಅಲ್ಲೇ ಬಿಟ್ಟು ಹೋಗಿದ್ದಾನೆ ಎಂದು ತಿಳಿದರಂತೆ.

“ಒಂದು ಮಾತು ಆಡದ ಎರಡು ವ್ಯಾಪಾರ ಮುಗಿಸ್ಯಾನ, ಇಂಥಾ ಜಾಣನ್ನ ನಾ ಕಂಡಿಲ್ಲ, ಅಂದ್ರು ರಾಯರು,” ಎಂದ ಗುಮಾಸ್ತ.

ಮುರಿಗೆವ್ವ ಕೀಲಿಯನ್ನು ಕಣ್ಣಿಗೊತ್ತಿಕೊಂಡಳು. ಮಗನ ತಲೆ ಸವರಿದಳು. ಸವರಿದವಳು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸಂತೋಷದಲ್ಲಿ ಒಂದು ಮಾತು ಬಾಯಿಂದ ಬಿತ್ತು.

“ಕಾಲು ನೆಟ್ಟಗಿದ್ದಿದ್ರ ಈಗ ಓಡಿಹೋಗಿ ನೋಡ್ತಿದ್ದೆ. ನನ ಗಿರಣಿ ಒಮ್ಮೆ ಕಣ್ಣಾರೆ ನೋಡಬೇಕಪ್ಪಾ.”

ನಿಜಗುಣಿ ಪಾನ ತೆಗೆದುಕೊಂಡು ಹೋದ. ಸಂಜೆಗೆ ನಾಲ್ಕು ಚಕ್ಕಡಿ ಮನೆ ಮುಂದೆ ನಿಂತವು. ಒಂದರಲ್ಲಿ ಬೀಸುವ ಕಲ್ಲು, ಒಂದರಲ್ಲಿ ಎಣ್ಣೆ ಇಂಜಿನ್ನು, ಒಂದರಲ್ಲಿ ಬೆಲ್ಟು ಮತ್ತು ಡಬ್ಬಿ, ಒಂದರಲ್ಲಿ ಬಾಗಿಲು, ಚೌಕಟ್ಟು, ಬಾಗಿಲಿನ ಮೇಲಿದ್ದ ಬೋರ್ಡು. ಎಲ್ಲವನ್ನೂ ಅವ್ವನ ಹಾಸಿಗೆಗೆ ಕಾಣುವಂತೆ ಅಂಗಳದಲ್ಲಿ ಸಾಲಾಗಿ ಜೋಡಿಸಿದ, ಒಂದೂ ಬಿಡದೆ. ಅವ್ವ ನೋಡಿದಳು. ಬಹಳ ಹೊತ್ತು ನೋಡಿದಳು. ಒಯ್ದು ಇದ್ದ ಹಾಗೇ ಇಡು ಎಂದಳು.

ಎರಡು ದಿನ ಕೂತು ಇದ್ದ ಹಾಗೇ ಇಟ್ಟ. ಮೂರನೆಯ ದಿನ ಗಿರಣಿ ಕೂಗಿತು, ಜೋಳ ಹಿಟ್ಟಾಯಿತು.

ಕೊನೆಯ ಲೆಕ್ಕ ಇಷ್ಟು. ಕೊಟ್ಟದ್ದು, ಮೋಟಾರು ಒಂದು. ಬಂದದ್ದು, ಗಿರಣಿ ಒಂದು, ಸ್ಪ್ರಿಂಗು ಎರಡು.