ರಾಣಿಯ ವಾಸನೆ

ಇರುವೆಗಳ ರಾಣಿಗೆ ಚಂಡಪ್ಪನೆಂಬ ಕಾವಲು ದಳಪತಿಯಿದ್ದ. ರಾಣಿಯ ಮೈವಾಸನೆಯೇ ಅವನಿಗೆ ರಾಜಮುದ್ರೆ. ಒಂದು ದಿನ ಒಳಮನೆಯಿಂದ ಚೀತ್ಕಾರ ಕೇಳಿ ಓಡಿದ. ಹೊರಗಿನಿಂದ ನುಸುಳಿದ ಇರುವೆಯೊಂದು ರಾಣಿಯನ್ನು ಕೆಡವಿ, ಮೈಯೆಲ್ಲ ನೆಕ್ಕಿ, ಅವಳ ವಾಸನೆಯನ್ನು ತನಗೆ ಬಳಿದುಕೊಂಡು ಗದ್ದುಗೆಯ ಮೇಲೆ ಕೂತಿತ್ತು.

“ದಳಪತಿ, ಈ ಹೆಣವನ್ನು ಆಚೆ ಹಾಕು,” ಎಂದಿತು.

“ಚಂಡಪ್ಪ, ನಾನಿನ್ನೂ ಬದುಕಿದ್ದೇನೆ. ನನ್ನ ದನಿಯ ಗುರುತು ಸಿಗಲಿಲ್ಲವೇನಪ್ಪ?” ಎಂದಳು ನೆಲದಲ್ಲಿ ಬಿದ್ದಿದ್ದ ರಾಣಿ.

ಚಂಡಪ್ಪ ತಿರುಗಿ ನೋಡಿದ. ದನಿಯೇನೋ ರಾಣಿಯದೇ. ಮೀಸೆ ಚಾಚಿ ಇಬ್ಬರನ್ನೂ ಮೂಸಿದ. ನೆಲದಲ್ಲಿದ್ದವಳಿಗೆ ಯಾವ ವಾಸನೆಯೂ ಇರಲಿಲ್ಲ.

“ಅಪ್ಪಣೆ, ಮಹಾರಾಣಿ,” ಎಂದು ಗದ್ದುಗೆಗೆ ತಲೆಬಾಗಿದ.

ತನ್ನ ಹೆಸರು ಹಿಡಿದು ಕೂಗುತ್ತಲೇ ಇದ್ದ ಹೆಣವನ್ನು ಹೊತ್ತೊಯ್ದು ಕಸದ ಗುಂಡಿಗೆ ಎಸೆದ. ಕೂಗು ನಿಲ್ಲುವವರೆಗೂ ಅಲ್ಲೇ ಕಾದ. ಆಮೇಲೆ ತನ್ನ ರಾಣಿಗೆ ಯಾವ ಕೇಡೂ ತಟ್ಟದಿರಲೆಂದು ಬಾಗಿಲಿಗೆ ಅಡ್ಡವಾಗಿ ನಿಂತ.