ಹೊಳೆಯಾಚೆಯಿಂದ ಬಂದವರು

ಹೊಳೆಯಾಚೆಯ ಊರುಗಳ ಮೇಲೆ ದಂಡು ಬಿದ್ದಿತ್ತು. ಹಗಲೆಲ್ಲ ಹೊಗೆ ಕಾಣುತ್ತಿತ್ತು. ಜೀವ ಉಳಿಸಿಕೊಂಡವರು ಹರಿಗೋಲು ಹತ್ತಿ ಈಚೆ ದಡಕ್ಕೆ ಬಂದು, ಕಂಬಳಿ ಅಜ್ಜನವರ ಮಠದ ಅಂಗಳದಲ್ಲಿ ಕೂತರು.

ಅಜ್ಜಾರು ಶಿಷ್ಯ ಮರುಳಯ್ಯನನ್ನು ಕರೆದು, "ಇವರನ್ನ ನೋಡ್ಕೋಪಾ" ಎಂದರು.

ಮರುಳಯ್ಯ ಶ್ರದ್ಧೆಯವನು. ಕಣಜ ತೆಗೆದ. ನುಚ್ಚು ಬೇಯಿಸಿದ. ಬಂದವರನ್ನು ಸಾಲಾಗಿ ಕೂರಿಸಿ, ಪ್ರಾರ್ಥನೆ ಹೇಳಿಸಿ, ತಾನೇ ಬಡಿಸಿದ. ಉಂಡವರು ಕೈಮುಗಿದಾಗ ಅವನ ಎದೆ ತುಂಬಿ ಬರುತ್ತಿತ್ತು.

ಬಂದವರಲ್ಲಿ ದುರುಗವ್ವ ಎಂಬವಳಿದ್ದಳು. ದಂಡಿನವರು ಅವಳ ಗಂಡನನ್ನು ಮನೆಯ ಮುಂದೆಯೇ ಕಡಿದಿದ್ದರು. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಓಡಿಬಂದಿದ್ದಳು. ಅವಳು ಮಗಳಿಗೆ ಉಣಿಸಿದಳು. ತನ್ನ ಎಲೆ ಮುಟ್ಟಲಿಲ್ಲ.

ಮರುದಿನವೂ ಮುಟ್ಟಲಿಲ್ಲ.

"ಯಾಕವ್ವ, ಉಣ್ಣಾಕ ಏನಾತು?" ಎಂದು ಮರುಳಯ್ಯ ಕೇಳಿದ.

"ಒಂದು ಒಲಿ ಕೊಡ್ರಿ."

"ಒಲಿ ಯಾಕ? ಬೇಯಿಸಿದ್ದನ್ನ ಮುಂದ ಇಟ್ಟೀನಲ್ಲ."

"ಕೈ ಸುಮ್ನ ಕುಂತ್ರ ಕಣ್ಣಾಗ ಅದೇ ಬರತೈತ್ರಿ."

ಮರುಳಯ್ಯನಿಗೆ ಅದು ಉಪಕಾರಸ್ಮರಣೆಯಿಲ್ಲದ ಮಾತು ಅನ್ನಿಸಿತು. ನೇರ ಗುರುಗಳ ಬಳಿ ಹೋದ.

"ಅಜ್ಜಾರ, ಆಕಿ ಉಟ್ಟ ಸೀರ್‍ಯಾಗ ಓಡಿಬಂದಾಕಿ. ಕುಂತಲ್ಲೇ ಅನ್ನ ಸಿಗತೈತಿ. ಆದ್ರೂ ಒಲಿ ಬೇಕಂತ. ಇನ್ನೇನು ಕೊಡೂದೈತ್ರಿ ಇವರಿಗೆ?"

ಅಜ್ಜಾರು ಎದ್ದರು. ಶಿಷ್ಯನ ಸೊಂಟದಲ್ಲಿದ್ದ ಅಡುಗೆಮನೆಯ ಬೀಗದ ಕೈ ಬಿಚ್ಚಿಕೊಂಡರು. ಅಂಗಳ ದಾಟಿ ಹೋಗಿ ದುರುಗವ್ವನ ಕೈಗಿಟ್ಟರು.

"ಹಸಿವಾಗೈತವ್ವ. ಏನರ ಮಾಡು."

ಅವಳು ಅಜ್ಜಾರ ಮುಖವನ್ನೊಮ್ಮೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಹಿಂದೆಯೇ ಇನ್ನಷ್ಟು ಹೆಂಗಸರು ಎದ್ದು ಹೋದರು.

ಒಳಗಿಂದ ರೊಟ್ಟಿ ತಟ್ಟುವ ಸದ್ದು ಕೇಳಿತು. ಆಮೇಲೆ ಯಾರೋ ಅಳುವ ಸದ್ದು. ಆಮೇಲೆ ಮತ್ತೆ ರೊಟ್ಟಿ ತಟ್ಟುವ ಸದ್ದು.

ಅಜ್ಜಾರು ಉಣ್ಣುವವರ ಸಾಲಿನ ಕೊನೆಯಲ್ಲಿ ಕೂತು, ಪಕ್ಕದ ನೆಲವನ್ನು ಕೈಯಿಂದ ತಟ್ಟಿ ಮರುಳಯ್ಯನನ್ನು ಕರೆದರು.

ಅವನು ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: "ಅಜ್ಜಾರ, ಅವರು ಯಾವ ಮಂದಿಯೋ ಏನೋ. ಮಠದ ಒಲಿ…"

"ಉರಿಯಾಕ ಹತ್ತೈತೋ ಇಲ್ಲೋ?"

"ಹತ್ತೈತ್ರಿ."

"ಮತ್ತ ಕುಂದ್ರು."

ಮರುಳಯ್ಯ ಕೂತ. ದುರುಗವ್ವ ರೊಟ್ಟಿ, ಪುಂಡಿಪಲ್ಯ ಹಾಕಿ ಮುಂದೆ ಹೋದಳು. ರೊಟ್ಟಿ ಬಿಸಿಯಾಗಿತ್ತು. ಇನ್ನೊಂದು ಬೇಕೆನ್ನಿಸಿತು ಅವನಿಗೆ. ಕೇಳಲು ಬಾಯಿ ಬರಲಿಲ್ಲ. ಎಲೆಯ ಮೇಲೆ ಕೈಯಿಟ್ಟು, ಬಡಿಸುವವಳು ಈ ಕಡೆ ನೋಡುತ್ತಾಳೇನೋ ಎಂದು ಕಾದ. ಅದುವರೆಗೆ ಜನ ತನ್ನ ಸೌಟನ್ನು ಹೇಗೆ ನೋಡುತ್ತಿದ್ದರೆಂದು ಆಗ ತಿಳಿಯಿತು.

ಅವಳು ತಿರುಗಿ ಬಂದಳು. ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಎಲ್ಲರದೂ ಮುಗಿದ ಮೇಲೆ ತಾನೂ ಉಂಡಳು.

ದಂಡು ಇನ್ನಷ್ಟು ಊರು ಸುಟ್ಟಿತು. ಒಂದು ಮುಂಜಾನೆ ಹರಿಗೋಲುಗಳು ತುಂಬಿ ಬಂದವು. ಕಣಜದ ತಳ ಕಾಣುತ್ತಿತ್ತು. ಈ ಜನರನ್ನು ಮುಂದಿನ ಊರಿಗೆ ಕಳಿಸಿಬಿಡಬೇಕೆಂದು ಮರುಳಯ್ಯ ಬಾಗಿಲಿಗೆ ಓಡಿದ.

ದುರುಗವ್ವ ಅವನಿಗಿಂತ ಮೊದಲೇ ಅಲ್ಲಿದ್ದಳು. ಕೈಗೆಲ್ಲ ಹಿಟ್ಟು ಮೆತ್ತಿತ್ತು. "ಬರ್ರಿ, ಒಳಗ ಬರ್ರಿ" ಎನ್ನುತ್ತ ಯಾರದೋ ಕೂಸನ್ನು ಎತ್ತಿಕೊಂಡಳು. ಜನ ಅವಳ ಹಿಂದೆ ಒಳಗೆ ಬಂದರು.

ಮರುಳಯ್ಯ ಗುರುಗಳ ಬಳಿ ಬಂದ. ಹೊಸಬರಿಗೆ ಜಾಗ ಮಾಡಲು ಅವರು ತಮ್ಮ ಚಾಪೆ ಸುತ್ತುತ್ತಿದ್ದರು.

"ನಮ್ಮನ್ನ ಒಂದು ಮಾತು ಕೇಳಲಿಲ್ಲ ಆಕಿ. ಅಜ್ಜಾರ, ಈ ಮಠ ಯಾರದು?"

ಅಜ್ಜಾರು ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೇಳಿದರು:

"ಬಾಗಿಲಾಗ ನಿಂತು 'ಬರ್ರಿ' ಅಂದವರದು."